ಎರಡನೆಯ ತೊಟ್ಟಿ

ಹಿರ್ಸಿಲಾಹ್ತಿಯ ಯುವಕ ಸಂಘದ ಹಳೇ ಹಾಲಿನಲ್ಲಿ
ನಾಲ್ಕು ಮೇಜು ಜೋಡಿಸಿ ನಕ್ಷೆ ಹಾಸಿದೆವು.
ಜೂನ್ ತಿಂಗಳು, ರಾತ್ರಿ ಒಂಬತ್ತು. ಹೊರಗೆ ಬಿಸಿಲು
ಕರೆದರೂ ಒಳಗೆ ಬರಲೊಲ್ಲದ ಮಗುವಿನ ಹಾಗೆ
ಸರೋವರದ ಮೇಲೇ ಆಡುತ್ತಿತ್ತು.

ನನ್ನದೇ ನಕ್ಷೆ. ಮೂರು ವರ್ಷದ ಕೆಲಸ.
ಮುಚ್ಚಿಹೋದ ಮರ ಕೊಯ್ಯುವ ಕಾರ್ಖಾನೆಯ ಹನ್ನೊಂದು ಹೆಕ್ಟೇರು:
ಇಲ್ಲಿ ಮರದ ಮನೆಗಳು, ಇಪ್ಪತ್ತಾರು.
ಬಾಯ್ಲರ್ ಕೋಣೆಯಲ್ಲಿ ಬಾವಲಿಗಳಿವೆ, ಅದನ್ನು ಮುಟ್ಟುವುದಿಲ್ಲ.
ಸೌದೆಚೂರು ಉರಿಸಿ ಒಂದೇ ಒಲೆಯಿಂದ ಎಲ್ಲ ಮನೆಗೂ ಬಿಸಿನೀರು.
ದಡದಲ್ಲಿ ಊರಿಗೆಲ್ಲ ಒಂದು ಸೌನಾ.
ಹಲಗೆ ಒಣಗಿಸುತ್ತಿದ್ದ ಕಣದಲ್ಲಿ, ದಕ್ಷಿಣಕ್ಕೆ ಮುಖ ಮಾಡಿ,
ಶಿಶುವಿಹಾರ. ಅದಕ್ಕೆ ಹಳದಿ ಹಚ್ಚಿದ್ದೆ.

ಮಣ್ಣಿನ ವರದಿಯನ್ನೂ ಓದಿದೆ.
ಪೈನ್ ಹಲಗೆ ಹಸಿಯಿದ್ದಾಗ ಬೂಷ್ಟು ಹಿಡಿದು ನೀಲಿಗಟ್ಟುತ್ತದೆ,
ನೀಲಿ ಹಲಗೆಗೆ ಪರದೇಶದಲ್ಲಿ ಬೆಲೆಯಿಲ್ಲ.
ಅದಕ್ಕೇ ಅದ್ದುತ್ತಿದ್ದರು, ಒಂದೊಂದು ಕಟ್ಟನ್ನೂ,
ಕ್ಲೋರೋಫೀನಾಲಿನ ತೊಟ್ಟಿಯಲ್ಲಿ.
ತೊಟ್ಟಿಯಿದ್ದ ಜಾಗಕ್ಕೆ ನಕ್ಷೆಯಲ್ಲಿ ನೀಲಿ ಚೌಕ.
ಅಲ್ಲಿನ ಮಣ್ಣು ತೆಗೆಯುತ್ತೇವೆ, ಅಂದೆ,
ಉಳಿದದ್ದನ್ನು ನೆಲ ಹೊಟ್ಟೆಗೆ ಹಾಕಿಕೊಂಡಿದೆ.

ಹಿಂದಿನ ಸಾಲಿನಿಂದ ಹಿಲ್ಕಾ ತರ್ವೈನೆನ್ ಎದ್ದು ಬಂದರು.
ಎಂಬತ್ತಮೂರು. ಕೈಯಲ್ಲಿ ಕಾಫಿ.
ಬಾಗಿ ಬಹಳ ಹೊತ್ತು ನೋಡಿದರು,
ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ.
ಬಟ್ಟಲಿನಿಂದ ಒಂದು ಸಕ್ಕರೆ ಅಚ್ಚು ಎತ್ತಿ
ನನ್ನ ಹಳದಿಯ ನಟ್ಟನಡುವೆ ಇಟ್ಟರು.

"ಇದು ಎರಡನೆಯದು."

ಎಪ್ಪತ್ತೊಂದರ ಚಳಿಗೆ ಮೊದಲನೆಯದು ಬಿರಿಯಿತಂತೆ.
ಮಂಜು ಕರಗುವಷ್ಟರಲ್ಲಿ ಇನ್ನೊಂದು ತೋಡಿದರು, ಕಾಗದ ಪತ್ರ ಇಲ್ಲದೆ.
ಎರಡು ಬೇಸಿಗೆ ಅದ್ದಿ, ಮರದಹೊಟ್ಟು ತುಂಬಿ ಮುಚ್ಚಿದರು.
"ಅದ್ದುತ್ತಿದ್ದವಳು ನಾನೇ. ರಬ್ಬರು ಕೈಗವಸು
ಒಂದೇ ಜೊತೆ, ಇಬ್ಬರಿಗೆ. ಎಡಗೈಯದು ನನಗೆ,
ಬಲಗೈಯದು ಲೆಂಪಿಗೆ."
ಲೆಂಪಿಯ ಹೆಸರು ಬಂದಾಗ ಮುದುಕರು ಮೂವರು
ತಮ್ಮ ತಮ್ಮ ಲೋಟ ನೋಡಿಕೊಂಡರು.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದ್ದು ನಾನಲ್ಲ,
ಪುರಸಭೆಯ ಎಂಜಿನಿಯರು ಎಸ್ಕೊ.
ಆಕೆ ಅವನತ್ತ ತಿರುಗಲೂ ಇಲ್ಲ.
"ಕೇಳಿದವರು ಯಾರು? ಕಾರ್ಖಾನೆ ಮುಚ್ಚಿದಾಗ
ವಿಷ ಅಂತ ಬಾಯಿ ಬಿಟ್ಟಿದ್ದರೆ
ಮತ್ತೆ ತೆರೆಯುವವರನ್ನೂ ಓಡಿಸಿದಳು ಅನ್ನುತ್ತಿದ್ದಿರಿ.
ಆಮೇಲೆ ಅಲ್ಲಿ ಬರೀ ಹುಲ್ಲಿತ್ತು.
ಮಕ್ಕಳನ್ನು ತರುತ್ತಿರುವುದು ನೀವು, ಈಗ."

ಇಪ್ಪತ್ತು ಮೀಟರಿಗೊಂದು ರಂಧ್ರ ಕೊರೆಸಿದ್ದೆ ನಾನು,
ಪುಸ್ತಕ ಹೇಳಿದಂತೆ, ಸಾಲಾಗಿ.
ಎರಡು ರಂಧ್ರಗಳ ನಡುವೆ
ಒಂದು ತೊಟ್ಟಿ ಆರಾಮಾಗಿ ಮಲಗಬಹುದು.
ಹೊಟ್ಟೆಗೆ ಹಾಕಿಕೊಂಡದ್ದು
ಕರಗಿರಬೇಕೆಂದೇನೂ ಇಲ್ಲವಲ್ಲ.

ಮುಂದಿನ ವಾರ ಅಗೆದೆವು. ಎರಡೂವರೆ ಮೀಟರು ಕೆಳಗೆ
ಮರದಹೊಟ್ಟು ಇನ್ನೂ ಹೊಸದರಂತಿತ್ತು, ಕೊಳೆತಿರಲಿಲ್ಲ.
ಕೊಳೆಯಿಸುವ ಯಾವ ಜೀವಕ್ಕೂ ಅಲ್ಲಿ ಬಾಳುವೆ ಇರಲಿಲ್ಲ.
ವಾಸನೆಗೆ ಎಸ್ಕೊ ಹಿಂದೆ ಸರಿದ.
ಹಿಲ್ಕಾ ಸರಿಯಲಿಲ್ಲ, ತಲೆಯಾಡಿಸಿದರು,
ಗುರುತಿನವರು ಎದುರಾದಾಗ ಆಡಿಸುವಂತೆ.

ಈಗ ಆ ಮಣ್ಣಿಗೆ ತೊಗಟೆ ಬೆರೆಸಿ ರಾಶಿ ಹಾಕಿದ್ದೇವೆ.
ಮೂರು ಬೇಸಿಗೆ ತಿರುವಿ ಹಾಕಬೇಕು,
ಕಣ್ಣಿಗೆ ಕಾಣದವು ನಿಧಾನಕ್ಕೆ ತಿನ್ನಬೇಕು.
ಅವಕ್ಕೆ ನಮ್ಮ ಅನುದಾನದ ಗಡುವು ಗೊತ್ತಿಲ್ಲ.
ಶಿಶುವಿಹಾರ ಗುಡ್ಡದ ಕಡೆಗೆ ಹೋಯಿತು,
ಮನೆಗಳು ಹತ್ತೊಂಬತ್ತಕ್ಕಿಳಿದವು,
ಸೌನಾಕ್ಕೆ ಮಾತ್ರ ಕೈ ಹಚ್ಚಲು ಊರು ಬಿಡಲಿಲ್ಲ.

ಹಳೇ ನಕ್ಷೆಯನ್ನು ಎಸೆದಿಲ್ಲ.
ಅವತ್ತು ಲೋಟ ತುಳುಕಿ ಆ ಸಕ್ಕರೆ ಕಾಫಿ ಕುಡಿದಿತ್ತು,
ಹಳದಿಯ ಮೇಲೆ ಕಂದು ಚೌಕ ಉಳಿದಿದೆ.
ಐನೂರಕ್ಕೊಂದರ ಅಳತೆ. ಸ್ಕೇಲು ಇಟ್ಟು ನೋಡಿದೆ.
ತೊಟ್ಟಿ ಸಿಕ್ಕಿದ್ದು
ಅದಕ್ಕಿಂತ ಎರಡು ಮೀಟರು ಪೂರ್ವಕ್ಕೆ.